ರಾತ್ರಿ ಬಿಸಿಲಿಲ್ಲ, ಗಿಡಕ್ಕೆ ಊಟ ಎಲ್ಲಿಂದ?

ಪ್ರಶ್ನೆ: ಗಿಡ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ, ಸರಿ. ರಾತ್ರಿಯಿಡೀ ಏನು ತಿನ್ನುತ್ತದೆ? ಹಸುವಿಗೆ ಹುಲ್ಲನ್ನು ಸಂಜೆ ಕೊಯ್ದರೆ ಒಳ್ಳೆಯದು ಅಂತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ, ನೇರ ಸಂಬಂಧವೇ ಇದೆ. ಗಿಡ ರಾತ್ರಿ ಉಪವಾಸ ಇರುವುದಿಲ್ಲ. ಹಗಲು ಉಳಿಸಿಕೊಂಡಿದ್ದನ್ನು ರಾತ್ರಿ ತಿನ್ನುತ್ತದೆ, ಅದೂ ಲೆಕ್ಕ ಹಾಕಿ.

ಬಿಸಿಲಿರುವಾಗ ಎಲೆ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲು ಆಗಲೇ ಬೇರಿಗೆ, ಚಿಗುರಿಗೆ, ಕಾಯಿಗೆ ಹೊರಡುತ್ತದೆ. ಇನ್ನೊಂದು ಪಾಲು ಎಲೆಯಲ್ಲೇ ಪಿಷ್ಟವಾಗಿ ಉಳಿಯುತ್ತದೆ. ಕತ್ತಲಾದ ಮೇಲೆ ಆ ಪಿಷ್ಟ ಒಡೆದು ಮತ್ತೆ ಸಕ್ಕರೆಯಾಗುತ್ತದೆ, ಫ್ಲೋಯಂ ಎಂಬ ನಾಳಗಳಿಗೆ ಸೇರುತ್ತದೆ. ಅದರೊಳಗೆ ಸಕ್ಕರೆ ನೀರು ಗಂಟೆಗೆ ಹೆಚ್ಚುಕಡಿಮೆ ಅರ್ಧದಿಂದ ಒಂದು ಮೀಟರ್ ಸಾಗುತ್ತದೆ. ಮೊಣಕಾಲೆತ್ತರದ ಟೊಮ್ಯಾಟೊ ಗಿಡದಲ್ಲಿ ಎಲೆಯಿಂದ ಬೇರಿಗೆ ಒಂದೆರಡು ಗಂಟೆಯ ದಾರಿ, ಅಷ್ಟೇ.

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಬೀನ್ಸ್ ಗಿಡದಿಂದ ಸಂಜೆ ಒಂದು ಎಲೆ, ಮರುದಿನ ಸೂರ್ಯ ಹುಟ್ಟುವ ಮೊದಲು ಒಂದು ಎಲೆ ಕಿತ್ತುಕೊಳ್ಳಿ. ಕಿತ್ತ ಕೂಡಲೇ ಎಲೆಯನ್ನು ಕುದಿಯುವ ನೀರಿಗೆ ಹಾಕಿ ಒಂದು ನಿಮಿಷ ಬಿಡಿ. ಆಮೇಲೆ ಸ್ಪಿರಿಟ್ ಇರುವ ಲೋಟದಲ್ಲಿ ಎಲೆ ಮುಳುಗಿಸಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಒಲೆ ಮಾತ್ರ ಆರಿಸಿರಲೇಬೇಕು, ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತುತ್ತದೆ. ಹಸಿರು ಬಿಟ್ಟು ಎಲೆ ಬಿಳಿಚಿಕೊಂಡಾಗ ತೊಳೆದು, ಮೇಲೆ ಅಯೋಡಿನ್ ಹಾಕಿ. ಸಂಜೆಯ ಎಲೆ ಕಪ್ಪು ನೀಲಿಗೆ ತಿರುಗುತ್ತದೆ. ಬೆಳಗಿನ ಎಲೆಯ ಬಣ್ಣ ತುಂಬ ತಿಳಿಯಾಗಿರುತ್ತದೆ. ಆ ಕಪ್ಪೇ ಪಿಷ್ಟ. ಎರಡು ಎಲೆಗಳ ನಡುವಿನ ವ್ಯತ್ಯಾಸ ಗಿಡದ ರಾತ್ರಿ ಊಟ. ಎಲೆಯ ಪಿಷ್ಟ ಬೆಳಕಿನಿಂದಲೇ ಹುಟ್ಟುತ್ತದೆ ಎಂದು 1860ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಸಾಕ್ಸ್ ತೋರಿಸಿಕೊಟ್ಟಿದ್ದೂ ಅಯೋಡಿನ್ ಬಳಸಿಯೇ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮುಂದಿನ ಭಾಗ. ವಿಜ್ಞಾನಿಗಳು ಪ್ರಯೋಗಕ್ಕೆ ಹೆಚ್ಚಾಗಿ ಬಳಸುವುದು ಅರಬಿಡೋಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡ. ಇದು ರಾತ್ರಿಯಿಡೀ ಒಂದೇ ವೇಗದಲ್ಲಿ ಪಿಷ್ಟ ಖರ್ಚು ಮಾಡುತ್ತದೆ. ಬೆಳಗಾಗುವ ಹೊತ್ತಿಗೆ ನೂರಕ್ಕೆ ಸುಮಾರು 95 ಭಾಗ ಮುಗಿದಿರುತ್ತದೆ. ಮುಂದಿನ ಸುಗ್ಗಿವರೆಗೆ ಸಾಲುವ ಹಾಗೆ ಕಣಜದ ರಾಗಿಯನ್ನು ಅಳೆದು ಕೊಡುವ ಅಜ್ಜಿಯ ಥರ. 12 ಗಂಟೆ ಬೆಳಕು, 12 ಗಂಟೆ ಕತ್ತಲೆಗೆ ಒಗ್ಗಿದ ಗಿಡಕ್ಕೆ ಒಂದು ದಿನ ಇದ್ದಕ್ಕಿದ್ದಂತೆ ನಾಲ್ಕು ಗಂಟೆ ಮೊದಲೇ ದೀಪ ಆರಿಸಿದರು. ಕೂಡಿಟ್ಟಿದ್ದು ಕಡಿಮೆ, ರಾತ್ರಿ ಉದ್ದ. ಗಿಡ ಖರ್ಚಿನ ವೇಗವನ್ನು ಆ ರಾತ್ರಿಯೇ ಇಳಿಸಿತು. ಪಿಷ್ಟ ಬೆಳಗಿನವರೆಗೂ ಬಂತು. ಅಂದರೆ ಇರುವ ಪಿಷ್ಟವನ್ನು ಉಳಿದ ಗಂಟೆಗಳಿಗೆ ಭಾಗಿಸುವ ಕೆಲಸ ಎಲೆಯೊಳಗೆ ನಡೆಯುತ್ತದೆ! ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರ್‌ನ ತಂಡ 2013ರಲ್ಲಿ ಈ ಭಾಗಾಕಾರ ಹೇಗೆ ನಡೆಯಬಹುದು ಎಂದು ಲೆಕ್ಕ ಸಮೇತ ವಿವರಿಸಿತು.

ಬೆಳಗಾಗಲು ಎಷ್ಟು ಹೊತ್ತಿದೆ ಎಂದು ಹೇಳುವುದು ಗಿಡದ ಒಳಗಿನ 24 ಗಂಟೆಯ ಗಡಿಯಾರ. ದಿನವನ್ನು 28 ಗಂಟೆಗೆ ಎಳೆದು ನೋಡಿದರು. ಪಿಷ್ಟ 24 ಗಂಟೆಯ ಹೊತ್ತಿಗೇ ಖಾಲಿಯಾಯಿತು. ಉಳಿದ ಹೊತ್ತು ಗಿಡ ನಿಜವಾಗಿಯೂ ಹಸಿದುಕೊಂಡಿತ್ತು, ಬೆಳವಣಿಗೆಯೂ ಕುಂಠಿತವಾಯಿತು.

ಎಲ್ಲ ಗಿಡಗಳೂ ಹೀಗೇ ಅಂತ ಅಲ್ಲ. ಭತ್ತದ ಎಲೆ ಪಿಷ್ಟಕ್ಕಿಂತ ಸಕ್ಕರೆಯನ್ನೇ ಜಾಸ್ತಿ ಇಟ್ಟುಕೊಳ್ಳುತ್ತದೆ.

ಮಣ್ಣಿನ ಪೋಷಕಾಂಶಗಳಿಗೂ ಹಗಲು ರಾತ್ರಿಯ ಲಯ ಇದೆ. ಹಗಲು ಎಲೆಗಳಿಂದ ನೀರು ಆವಿಯಾಗುತ್ತಾ ಹೋದ ಹಾಗೆ ಬೇರಿನಿಂದ ನೀರು ಮೇಲಕ್ಕೆ ಬರುತ್ತದೆ. ಜೊತೆಗೆ ನೈಟ್ರೇಟ್, ಪೊಟ್ಯಾಷ್ ಕೂಡ ಬರುತ್ತವೆ. ಈ ಲವಣಗಳನ್ನು ಹೀರಲು ಬೇರಿಗೆ ಶಕ್ತಿ ಬೇಕು. ಅದು ಎಲೆ ಕಳಿಸಿದ ಸಕ್ಕರೆಯಿಂದಲೇ ಸಿಗಬೇಕು. ರಾತ್ರಿ ಎಲೆಯ ರಂಧ್ರಗಳು ಮುಚ್ಚಿದಾಗ ಮೇಲಿನ ಸೆಳೆತ ನಿಲ್ಲುತ್ತದೆ, ಆದರೂ ಬೇರು ಲವಣ ಹೀರುತ್ತಲೇ ಇರುತ್ತದೆ. ಅದರ ಹಿಂದೆ ನೀರೂ ಒಳಗೆ ಬಂದು ಒತ್ತಡ ಏರುತ್ತದೆ. ಬೆಳಗ್ಗೆ ಭತ್ತದ ಗದ್ದೆಯಲ್ಲಿ ಗರಿಯ ತುದಿಗೆ ಸಾಲಾಗಿ ಹನಿ ನಿಂತಿರುತ್ತದಲ್ವಾ? ಎಲೆಯ ಮೈಯೆಲ್ಲ ಒದ್ದೆಯಾಗಿದ್ದರೆ ಅದು ಇಬ್ಬನಿ. ತುದಿಯಲ್ಲಿ ಮಾತ್ರ ದುಂಡಗೆ ನಿಂತ ಹನಿ ಹೆಚ್ಚಾಗಿ ಗಿಡದ ಒಳಗಿಂದಲೇ ಬಂದದ್ದು. ಅದು ಒಣಗಿದ ಮೇಲೆ ಕೆಲವೊಮ್ಮೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ.

ಈಗ ಹುಲ್ಲಿನ ವಿಷಯ. ಎಲೆಯಲ್ಲಿ ಸಕ್ಕರೆ, ಪಿಷ್ಟ ತುಂಬಿರುವುದು ಸಂಜೆ, ಖಾಲಿಯಾಗಿರುವುದು ನಸುಕಿನಲ್ಲಿ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಒಂದೇ ಹೊಲದ ಹುಲ್ಲನ್ನು ಸೂರ್ಯ ಮುಳುಗುವಾಗ ಒಮ್ಮೆ, ಹುಟ್ಟುವಾಗ ಒಮ್ಮೆ ಕೊಯ್ದು ಒಣಗಿಸಿ ಮುಂದಿಟ್ಟರು. ದನ, ಕುರಿ, ಆಡು ಮೂರೂ ಸಂಜೆ ಕೊಯ್ದ ಹುಲ್ಲನ್ನೇ ಜಾಸ್ತಿ ತಿಂದವು. ಹಾಗಾಗಿ ಮೇವು ಕೊಯ್ಯಲು ಬಿಸಿಲಿದ್ದ ದಿನದ ಇಳಿಹೊತ್ತೇ ಒಳ್ಳೆಯದು. ಮಳೆಗಾಲದಲ್ಲಿ ಮೋಡ ಕವಿದ ದಿನ ಎಲೆ ಕೂಡಿಡುವುದೇ ಕಡಿಮೆ, ಆಗ ಸಂಜೆಗೆ ಕಾದು ಅಷ್ಟೇನೂ ಲಾಭವಿಲ್ಲ. ಸೊಪ್ಪಿನ ಮಾತು ಬೇರೆ. ಮಾರುಕಟ್ಟೆಗೆ ಕಳಿಸುವ ಪಾಲಕ್, ಕೊತ್ತಂಬರಿ ಬಾಡಬಾರದು ಅಂದರೆ ಬೆಳಗ್ಗೆಯೇ ಕೊಯ್ಯಿರಿ. ಆಗ ಸಕ್ಕರೆ ಕಡಿಮೆ ಇದ್ದರೂ ಎಲೆಯಲ್ಲಿ ನೀರು ತುಂಬಿರುತ್ತದೆ.