ಹುಲ್ಲುಗಾವಲಿನ ಊರಿಗೆ ಟಪಾಲು ಬಂದ ದಾರಿ

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಬಿಗ್ ಬ್ಲೂ ಎಂಬ ಹೊಳೆ ಹರಿಯುತ್ತದೆ. ಅದರ ದಂಡೆಯಲ್ಲಿ ನಿಂತು ನೋಡಿದರೆ ನೂರೆಪ್ಪತ್ತೈದು ವರ್ಷದ ಹಿಂದೆ ಸುತ್ತ ಕಾಣುತ್ತಿದ್ದದ್ದು ಬರೀ ಹುಲ್ಲು. ಪ್ರೇರಿ ಎಂದು ಕರೆಯುವ ಈ ಬಯಲಿನಲ್ಲಿ ಮರ ಕಡಿಮೆ. ಆಗಾಗ ಬೀಳುವ ಬೆಂಕಿ, ಬರ, ಕಾಡೆಮ್ಮೆಗಳ ಮೇವು, ಇವೆಲ್ಲ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ. ಹುಲ್ಲಿನ ಬೇರು ಮಾತ್ರ ಆಳದಲ್ಲಿ ಉಳಿದು ಮತ್ತೆ ಚಿಗುರುತ್ತದೆ.

ಎಲ್ಲ ಕಡೆ ಒಂದೇ ಥರ ಇರುವ ನೆಲದಲ್ಲಿ ಊರು ಎಲ್ಲಿ ಹುಟ್ಟಬೇಕು? ಪಶ್ಚಿಮಕ್ಕೆ ವಲಸೆ ಹೊರಟ ಗಾಡಿಗಳು ಬಯಲಿನಲ್ಲಿ ಎಲ್ಲಿ ಬೇಕಾದರೂ ಓಡಬಹುದಿತ್ತು. ಹೊಳೆಯನ್ನು ಹಾಗೆ ದಾಟಲು ಆಗುತ್ತಿರಲಿಲ್ಲ. 1850ರ ದಶಕದ ಶುರುವಿನಲ್ಲಿ ಫ್ರಾಂಕ್ ಮಾರ್ಷಲ್ ಎಂಬಾತ ಇಲ್ಲಿ ಗಾಡಿಗಳನ್ನು ಹೊಳೆ ದಾಟಿಸುವ ಕಡವು ನಡೆಸತೊಡಗಿದ. ಗಾಡಿಯವರು ಸರದಿಗೆ ಕಾದರು, ಕಾಯುವ ಜನರಿಗೆ ಸಾಮಾನು ಬೇಕಾಯಿತು, ಮನೆಗೆ ಕಾಗದ ಹಾಕಬೇಕಾಯಿತು. 1854ರಲ್ಲಿ ಅಂಚೆ ಕಚೇರಿ ಬಂತು. ಊರಿಗೆ ಮಾರ್ಷಲ್‌ನ ಹೆಂಡತಿ ಮೇರಿಯ ಹೆಸರೇ ನಿಂತಿತು: ಮೇರಿಸ್ವಿಲ್.

ಇವತ್ತಿಗೂ ಅಲ್ಲೊಂದು ಕಲ್ಲಿನ ಕುದುರೆ ಲಾಯ ಇದೆ. 1859ರಲ್ಲಿ ಕಟ್ಟಿದ್ದು, ಈಗ ಮ್ಯೂಸಿಯಂ. 1860ರ ಏಪ್ರಿಲ್ 3ರಂದು ಶುರುವಾದ ಪೋನಿ ಎಕ್ಸ್‌ಪ್ರೆಸ್ ಎಂಬ ಕುದುರೆ ಅಂಚೆ ಇದನ್ನು ತನ್ನ ತಂಗುದಾಣ ಮಾಡಿಕೊಂಡಿತ್ತು. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 3,100 ಕಿಲೋಮೀಟರು. ಕಾಗದ ಹತ್ತು ದಿನದಲ್ಲಿ ತಲುಪುತ್ತಿತ್ತು.

ಲೆಕ್ಕ ಹಾಕಿ ನೋಡಿ. ಹಗಲು ರಾತ್ರಿ ಸೇರಿಸಿದರೆ ಗಂಟೆಗೆ ಸುಮಾರು 13 ಕಿಲೋಮೀಟರು. ಕುದುರೆ ಜೋರಾಗಿ ಓಡಿದರೆ 40 ದಾಟುತ್ತದೆ, ಅಲ್ವಾ? ದಾಟುತ್ತದೆ, ಆದರೆ ಕೆಲವೇ ನಿಮಿಷ. ನಾಗಾಲೋಟದಲ್ಲಿ ಕುದುರೆಯ ಉಸಿರಾಟ ಅದರ ಹೆಜ್ಜೆಗೆ ಕಟ್ಟುಬಿದ್ದಿರುತ್ತದೆ. ಒಂದು ನೆಗೆತಕ್ಕೆ ಒಂದೇ ಉಸಿರು. ಗುಲ್ಮ (ಸ್ಪ್ಲೀನ್) ಎಂಬ ಅಂಗದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಅದು ಓಟದ ಹೊತ್ತಿಗೆ ರಕ್ತಕ್ಕೆ ಸುರಿಯುತ್ತದೆ. ಅಷ್ಟಾದರೂ ಸ್ನಾಯುಗಳು ಕೇಳುವಷ್ಟು ಆಮ್ಲಜನಕ ಸಿಗುವುದಿಲ್ಲ. ಇನ್ನೊಂದು ಕಷ್ಟ ಬಿಸಿ. ಸ್ನಾಯು ಸುಡುವ ಶಕ್ತಿಯಲ್ಲಿ ಬಹುಪಾಲು ಓಟಕ್ಕೆ ಹೋಗದೆ ಶಾಖವಾಗುತ್ತದೆ. ಅಷ್ಟು ದೊಡ್ಡ ಮೈಯನ್ನು ಬರೀ ಬೆವರು, ಉಸಿರಿನಿಂದ ತಣಿಸುವುದು ನಿಧಾನದ ಕೆಲಸ.

ಹಾಗಾಗಿ 15–25 ಕಿಲೋಮೀಟರಿಗೊಂದು ಲಾಯ, ಅಲ್ಲೊಂದು ದಣಿಯದ ಕುದುರೆ. ಸವಾರ ಮಾತ್ರ 120–160 ಕಿಲೋಮೀಟರು ಮುಂದುವರಿದು, ಮೇರಿಸ್ವಿಲ್‌ನಂಥ ದೊಡ್ಡ ತಂಗುದಾಣದಲ್ಲಿ ಇನ್ನೊಬ್ಬನಿಗೆ ಟಪಾಲು ಒಪ್ಪಿಸುತ್ತಿದ್ದ. ನನಗೆ ತುಂಬಾ ಇಷ್ಟವಾಗುವುದು ಅವರ ಚೀಲ. ಮೊಚಿಲಾ ಅಂತ ಅದರ ಹೆಸರು. ಜೀನಿನ ಮೇಲೆ ಹೊದಿಸುವ ತೊಗಲು, ಅದಕ್ಕೆ ನಾಲ್ಕು ಜೇಬು. ಯಾವ ಪಟ್ಟಿಯನ್ನೂ ಬಿಗಿಯಬೇಕಿಲ್ಲ. ಸವಾರ ಕೂತರೆ ಅವನ ಭಾರಕ್ಕೇ ಅದು ನಿಲ್ಲುತ್ತಿತ್ತು, ಇಳಿದರೆ ಎಳೆದು ಮುಂದಿನ ಕುದುರೆಗೆ ಹಾಕಿದರಾಯಿತು. ಬದಲಾವಣೆಗೆ ಕೊಟ್ಟಿದ್ದ ಸಮಯ ಎರಡೇ ನಿಮಿಷ. ಒಟ್ಟು ಟಪಾಲು 9 ಕಿಲೋ ಮೀರುವಂತಿರಲಿಲ್ಲ. ಶುರುವಿನಲ್ಲಿ 14 ಗ್ರಾಮಿಗೆ 5 ಡಾಲರ್ ದರ. ಅದಕ್ಕೇ ಜನ ತೀರಾ ತೆಳುವಾದ ಕಾಗದದ ಮೇಲೆ ಬರೆದರು.

1861ರ ಅಕ್ಟೋಬರ್ 24ರಂದು ಖಂಡದ ಎರಡೂ ಕಡೆಯ ಟೆಲಿಗ್ರಾಫ್ ತಂತಿ ಸಾಲ್ಟ್ ಲೇಕ್ ಸಿಟಿಯಲ್ಲಿ ಕೂಡಿತು. ಎರಡು ದಿನ ಬಿಟ್ಟು ಕುದುರೆ ಅಂಚೆ ನಿಂತಿತು.

ಕುದುರೆ ನಿಂತರೂ ಕೋಚುಗಾಡಿಯ ಟಪಾಲು ನಡೆಯುತ್ತಿತ್ತು. 1862ರಲ್ಲಿ ಅದರ ಮಾಲೀಕ ಬೆನ್ ಹಾಲಿಡೇ ಮೇರಿಸ್ವಿಲ್‌ನವರ ಜೊತೆ ಜಗಳವಾಡಿ, ಉತ್ತರದ ಒಕೀಟೊ ಮೂಲಕ ಬೇರೆ ದಾರಿ ಮಾಡಿಕೊಂಡ. ಹೊಳೆ, ಕಡವು, ಮನೆ, ಅಂಗಡಿ ಎಲ್ಲ ಇದ್ದಲ್ಲೇ ಇದ್ದವು, ಟಪಾಲು ಗಾಡಿ ಮಾತ್ರ ಊರಿಗೆ ಬರುತ್ತಿರಲಿಲ್ಲ. ಕೆಲವು ತಿಂಗಳ ನಂತರ ಅದು ಹಳೇ ದಾರಿಗೆ ಮರಳಿತು. ಅಷ್ಟು ದಿನ ಆ ಊರಿನವರು ಎಷ್ಟು ತಳಮಳಿಸಿರಬೇಕು!

ಮುಂದೆ ರೈಲು ಬಂತು. ರೈಲು ನಿಲ್ಲದ ಪುಟ್ಟ ಪ್ರೇರಿ ಊರುಗಳಲ್ಲಿ ಹಳಿಯ ಪಕ್ಕದ ಕಂಬಕ್ಕೆ ಟಪಾಲು ಚೀಲ ತೂಗುಹಾಕುತ್ತಿದ್ದರು. ಓಡುವ ಬೋಗಿಯ ಕೊಕ್ಕೆ ಅದನ್ನು ಕಿತ್ತುಕೊಳ್ಳುತ್ತಿತ್ತು. ಆ ಹೊಡೆತ ತಾಳಲಿ ಅಂತ ಚೀಲದ ನಡುವನ್ನು ಬಿಗಿದು ಕಟ್ಟುತ್ತಿದ್ದರು. ಊರಿಗೆ ಬಂದ ಚೀಲವನ್ನು ಗುಮಾಸ್ತ ಬಾಗಿಲಿನಿಂದ ಒದ್ದು ಕೆಳಗೆ ಬೀಳಿಸುತ್ತಿದ್ದ. ಬೋಗಿಯೊಳಗೇ ವಿಂಗಡಣೆಯೂ ನಡೆಯುತ್ತಿತ್ತು.

ಆಗ ಹಳ್ಳಿಯ ರೈತನ ಮನೆಗೆ ಅಂಚೆಯವನು ಬರುತ್ತಿರಲಿಲ್ಲ. ಹಾಗಾಗಿ ಬಯಲಿನ ತುಂಬ ಸಣ್ಣ ಅಂಚೆ ಕಚೇರಿಗಳು ಹುಟ್ಟಿಕೊಂಡವು. ಎಷ್ಟೋ ಕಚೇರಿಗಳು ಅಂಗಡಿಯ ಮೂಲೆಯಲ್ಲಿ, ಮನೆಯ ಕೋಣೆಯಲ್ಲಿ ನಡೆದವು. ಅಲ್ಲಿನ ಪೋಸ್ಟ್‌ಮಾಸ್ಟರನ ಸಂಪಾದನೆ ಅವನು ಎಷ್ಟು ಸ್ಟಾಂಪಿಗೆ ಮುದ್ರೆ ಒತ್ತಿದ ಎಂಬುದರ ಮೇಲೆ ನಿಂತಿತ್ತು. 1901ರಲ್ಲಿ ದೇಶದ ಅಂಚೆ ಕಚೇರಿಗಳ ಸಂಖ್ಯೆ 76,945ಕ್ಕೆ ಮುಟ್ಟಿತು. ಅದೇ ಶಿಖರ. 1896ರಲ್ಲಿ ಪ್ರಯೋಗವಾಗಿ ಶುರುವಾಗಿದ್ದ ಮನೆಬಾಗಿಲಿನ ಗ್ರಾಮೀಣ ಬಟವಾಡೆ 1902ರಲ್ಲಿ ಕಾಯಂ ಆಯಿತು. ಸಣ್ಣ ಕಚೇರಿಗಳು ಒಂದೊಂದಾಗಿ ಮುಚ್ಚಿದವು. ಮೇರಿಸ್ವಿಲ್ ಉಳಿಯಿತು. 1963ರಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್‌ನಂಥದ್ದು) ಬಂದ ಮೇಲೆ 66508 ಎಂಬ ಅಂಕಿಯೂ ಅದಕ್ಕೆ ಸಿಕ್ಕಿತು. ಮೊದಲ 6 ಎಂದರೆ ಕ್ಯಾನ್ಸಸ್ ಸೇರಿದ ನಾಲ್ಕು ರಾಜ್ಯಗಳ ಗುಂಪು, ಮೊದಲ ಮೂರಂಕಿ ವಿಂಗಡಣೆಯ ಪ್ರದೇಶ, ಕೊನೆಯ 08 ಈ ಊರು.

ಮುಚ್ಚಿಹೋದ ಕಚೇರಿಯ ಮುದ್ರೆ ಇರುವ ಲಕೋಟೆಗೆ ಸಂಗ್ರಾಹಕರು ಡಿಪಿಓ (ಡಿಸ್‌ಕಂಟಿನ್ಯೂಡ್ ಪೋಸ್ಟ್ ಆಫೀಸ್, ಅಂದರೆ ನಿಂತುಹೋದ ಅಂಚೆ ಕಚೇರಿ) ಅನ್ನುತ್ತಾರೆ. ಪ್ರತಿ ಕಚೇರಿ ತೆರೆದ, ಮುಚ್ಚಿದ ವರ್ಷ ಸರ್ಕಾರಿ ದಾಖಲೆಯಲ್ಲಿದೆ. ಅವನ್ನು ನಕ್ಷೆಯ ಮೇಲೆ ಚುಕ್ಕಿಯಾಗಿ ಇಡುತ್ತಾ ಹೋದರೆ ಜನ ಎಲ್ಲಿ ನೆಲೆಸಿದರು, ಯಾವಾಗ ಎದ್ದುಹೋದರು ಎಂಬುದು ವರ್ಷವರ್ಷವೂ ಕಾಣುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಲ್ಲಿ ಅಷ್ಟು ಸೂಕ್ಷ್ಮ ಸಿಗುವುದಿಲ್ಲ. ಈಗ ಹುಲ್ಲು ಮಾತ್ರ ಇರುವ ಎಷ್ಟೋ ಜಾಗಗಳಿಗೂ ಅಲ್ಲಿ ಒಂದು ಚುಕ್ಕಿ, ಒಂದು ಹೆಸರು, ಎರಡು ತಾರೀಖು ಇವೆ.