ಸಾವಿರ ಪೀಸಿಗೆ ಮೂರು ರಿಜೆಕ್ಷನ್ ಲೆಕ್ಕ

ಪೀಣ್ಯ ಇರಲಿ, ಬೊಮ್ಮಸಂದ್ರ ಇರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಡೇಟಾ ಅನಲಿಸ್ಟ್ ಬೇಕು ಅಂತ ಫೋನ್ ಮಾಡುವ ಕಾರ್ಖಾನೆ ಮಾಲೀಕರು ಓದಿ ಹೇಳುವ ಪಟ್ಟಿ ಒಂದೇ. ಪವರ್ ಬಿಐ, ಪೈಥಾನ್, ಎಸ್‌ಕ್ಯೂಎಲ್, ಎಸ್‌ಎಪಿ, ಅಂದರೆ ಡೇಟಾ ಕೆಲಸದ ಸಾಫ್ಟ್‌ವೇರ್, ಕೋಡಿಂಗ್ ಭಾಷೆಗಳು. ಮೆಷಿನ್ ಲರ್ನಿಂಗ್ ಬಂದರೆ ಇನ್ನೂ ಒಳ್ಳೆಯದು. ಎರಡು ವರ್ಷ ಅನುಭವ ಸಾಕು, ಮುಂದಿನ ತಿಂಗಳೇ ಸೇರಬೇಕು. ಕಾರ್ಖಾನೆಗಳಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ, ಹಾಗಾಗಿ ಇಲ್ಲ ಅನ್ನುವುದಿಲ್ಲ. ಆದರೆ ಈಗೀಗ ಒಂದು ಸಲ ಕಾರ್ಖಾನೆಗೆ ಹೋಗಿ, ಪ್ರೊಡಕ್ಷನ್, ಕ್ವಾಲಿಟಿ, ಅಕೌಂಟ್ಸ್ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡು, ಹೋದ ತಿಂಗಳ ರಿಜೆಕ್ಷನ್ ಎಷ್ಟು ಅಂತ ಕೇಳದೆ ಯಾರನ್ನೂ ಕಳಿಸುವುದಿಲ್ಲ.

ಉತ್ತರ ಹೇಗಿರುತ್ತದೆ ನೋಡಿ. ಲೆಕ್ಕಕ್ಕೆ ಸುಲಭವಾಗಲಿ ಅಂತ 1000 ಪೀಸ್ ಇಟ್ಟುಕೊಳ್ಳೋಣ. ಇನ್‌ಸ್ಪೆಕ್ಷನ್‌ನಲ್ಲಿ 60 ಪೀಸ್ ಪಕ್ಕಕ್ಕೆ ಹೋದವು. ಅದರಲ್ಲಿ 40 ರಿವರ್ಕ್ ಆಗಿ, ಅಂದರೆ ಮತ್ತೆ ಸರಿಪಡಿಸಿದ ಮೇಲೆ, ಪಾಸಾದವು. ಉಳಿದ 20ರಲ್ಲಿ 8ಕ್ಕೆ ಕಾಸ್ಟಿಂಗ್‌ನಲ್ಲೇ ಬ್ಲೋ ಹೋಲ್ (ಗಾಳಿ ಸಿಕ್ಕಿ ಆದ ತೂತು) ಇತ್ತು, ಅದರ ಖರ್ಚು ಎರಕ ಹೊಯ್ದ ಫೌಂಡ್ರಿಗೆ ಡೆಬಿಟ್ ಆಯಿತು. ನಮ್ಮ ಮೆಷಿನ್‌ನಲ್ಲಿ ಕೆಟ್ಟಿದ್ದು 12. ಕ್ವಾಲಿಟಿಯವರ ಪ್ರಕಾರ ರಿಜೆಕ್ಷನ್ ಶೇ. 6. ಅಕೌಂಟ್ಸ್ ಪ್ರಕಾರ ಶೇ. 2. ಪ್ರೊಡಕ್ಷನ್‌ನವರು ಶೇ. 1.2 ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೊದಲ ಸಲಕ್ಕೇ ಸರಿಯಾಗಿ ಬಂದದ್ದೆಷ್ಟು ಅಂತ ಒಬ್ಬರು ನೋಡುತ್ತಾರೆ, ಬಿಲ್ ಆಗದೆ ಹೋದದ್ದೆಷ್ಟು ಅಂತ ಇನ್ನೊಬ್ಬರು, ತನ್ನ ತಪ್ಪೆಷ್ಟು ಅಂತ ಮತ್ತೊಬ್ಬರು.

ಈಗ ಇಲ್ಲಿಗೆ 24 ವರ್ಷದ ಹುಡುಗನೊಬ್ಬ ಬರುತ್ತಾನೆ. ಡ್ಯಾಶ್‌ಬೋರ್ಡ್‌ನಲ್ಲಿ ರಿಜೆಕ್ಷನ್ ಅನ್ನುವ ಕಡೆ ಅವನು ಹಾಕಬಹುದಾದದ್ದು ಒಂದೇ ಅಂಕಿ. ಯಾವುದನ್ನು ಹಾಕಿದರೂ ಇನ್ನಿಬ್ಬರು ಅದೇ ಮೀಟಿಂಗಿನಲ್ಲಿ "ನಿನ್ನ ಡೇಟಾ ತಪ್ಪು" ಅನ್ನುತ್ತಾರೆ. ಇಪ್ಪತ್ತು ವರ್ಷ ಸರ್ವಿಸ್ ಆದ ಮ್ಯಾನೇಜರ್ ಮುಂದೆ ಅವನು ಏನು ವಾದಿಸಿಯಾನು? ಮೂರು ತಿಂಗಳು ಎಕ್ಸೆಲ್ ಶೀಟ್ ತಾಳೆ ನೋಡುತ್ತಾನೆ, ಆಮೇಲೆ ರಾಜೀನಾಮೆ ಕೊಡುತ್ತಾನೆ. ನೀವು ಕಳಿಸಿದ ಹುಡುಗ ಸರಿಯಿರಲಿಲ್ಲ ಅಂತ ಮಾಲೀಕರು ನನಗೆ ಫೋನ್ ಮಾಡುತ್ತಾರೆ. ಆ ಹುಡುಗರನ್ನು ನಾನು ಆಮೇಲೂ ಮಾತಾಡಿಸಿದ್ದೇನೆ. ಕೆಲಸ ಬಲ್ಲವರು. ತಮಗೇ ಏನೋ ಬರುವುದಿಲ್ಲ ಅಂದುಕೊಂಡು ಕುಗ್ಗಿಹೋಗಿರುತ್ತಾರೆ, ಅದು ನನಗೆ ಸಂಕಟ.

ಇದನ್ನು ಎಷ್ಟು ಸಲ ಹೇಳಿದರೂ, "ಅದಕ್ಕೇ ಅಲ್ವಾ ಅನಲಿಸ್ಟ್‌ನ ಕರೆಸ್ತಿರೋದು?" ಅಂತಾರೆ. ಅದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಮೆಷಿನ್ ಎಷ್ಟು ಚೆನ್ನಾಗಿ ಬಳಕೆಯಾಯಿತು ಅಂತ ಅಳೆಯುವ ಓಇಇ ಕಾರ್ಖಾನೆಯವರಿಗೆಲ್ಲ ಗೊತ್ತು: ಅವೈಲಬಿಲಿಟಿ (ಓಡಬೇಕಾದ ಸಮಯದಲ್ಲಿ ಓಡಿದ್ದೆಷ್ಟು), ಪರ್ಫಾರ್ಮೆನ್ಸ್ (ಎಷ್ಟು ವೇಗದಲ್ಲಿ), ಕ್ವಾಲಿಟಿ (ಸರಿಯಾದ ಪೀಸ್ ಎಷ್ಟು), ಮೂರರ ಗುಣಾಕಾರ. 480 ನಿಮಿಷದ ಶಿಫ್ಟ್. ಊಟ, ಟೀಗೆ 30 ಹೋಯಿತು. ಮೆಷಿನನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟಿಂಗ್‌ಗೆ 60, ಬ್ರೇಕ್‌ಡೌನ್ 40. ಮೆಷಿನ್ ಓಡಿದ್ದು 350 ನಿಮಿಷ. ಸೆಟ್ಟಿಂಗ್ ಹೇಗೂ ಮಾಡಲೇಬೇಕಾದದ್ದು ಅಂತ ಅದನ್ನೂ ಮೊದಲೇ ಕಳೆದರೆ 390ಕ್ಕೆ 350, ಅವೈಲಬಿಲಿಟಿ ಹತ್ತಿರ ಹತ್ತಿರ ಶೇ. 90. ಕಳೆಯದಿದ್ದರೆ 450ಕ್ಕೆ 350, ಶೇ. 78. ಅದೇ ಮೆಷಿನ್, ಅದೇ ದಿನ. ಐಎಸ್‌ಒ 22400 ಅಂತ ಇಂಥ ಮಾಪನಗಳಿಗೇ ಮೀಸಲಾದ ಮಾನದಂಡವಿದೆ, 2014ರಲ್ಲಿ ಬಂದ ಅದರ ಎರಡನೇ ಭಾಗದಲ್ಲಿ ಸೂತ್ರಗಳೆಲ್ಲ ಇವೆ. ಓದುವುದು ಒಳ್ಳೆಯದೇ. ಆದರೆ ಟ್ರಯಲ್ ಪೀಸ್ ಓಡಿಸಿದ ಅರ್ಧ ಗಂಟೆ ನಿಮ್ಮಲ್ಲಿ ಯಾವ ಕಾಲಂಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವವರು ನೀವೇ, ಅದಕ್ಕೆ ಅಧಿಕಾರ ಬೇಕು. ಪೈಥಾನ್ ಬಂದ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟೇ: ಜಾಹೀರಾತಿಗೆ ಮುಂಚೆ ಒಂದು ಮಧ್ಯಾಹ್ನ ಮಾಲೀಕರೂ ಆ ಮೂವರೂ ಸೇರಿ ನಾಲ್ಕು ಜನ ಕೂತು, ರಿಜೆಕ್ಷನ್, ಡೌನ್‌ಟೈಮ್, ಆನ್‌ಟೈಮ್ ಡೆಲಿವರಿ, ಈ ಮೂರು ಮಾತಿಗೆ ನಮ್ಮಲ್ಲಿ ಅರ್ಥ ಏನು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಎರಡು ಅಂಕಿ ಬೇಕೆಂದರೆ ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಅನಲಿಸ್ಟ್‌ನನ್ನು ಐಟಿ ವಿಭಾಗದ ಕೆಳಗೆ ಹಾಕಬೇಡಿ, ಪ್ರಿಂಟರ್ ರಿಪೇರಿಗೆ ಹೋಗುತ್ತಾನೆ. ಪ್ರೊಡಕ್ಷನ್ ಕೆಳಗಂತೂ ಬೇಡವೇ ಬೇಡ.

ನಾನು ಹೆಚ್ಚಾಗಿ ನೋಡಿದ್ದು 50ರಿಂದ 400 ಜನರಿರುವ ಮೆಷಿನಿಂಗ್, ಫ್ಯಾಬ್ರಿಕೇಷನ್ ಘಟಕಗಳನ್ನು. ದೊಡ್ಡ ವಾಹನ ಕಾರ್ಖಾನೆಗೋ ಔಷಧಿ ಕಾರ್ಖಾನೆಗೋ ಇದು ಹೀಗೇ ಹೊಂದಬೇಕೆಂದಿಲ್ಲ. ಕ್ಯಾಮೆರಾದಿಂದ ತಪಾಸಣೆ, ಸ್ಪಿಂಡಲ್ ಕಂಪನ ನೋಡಿ ಬೇರಿಂಗ್ ಯಾವಾಗ ಹೋಗಬಹುದು ಅಂತ ಅಂದಾಜಿಸುವುದು, ಇಂಥದ್ದಕ್ಕೆ ಡೇಟಾ ಸೈಂಟಿಸ್ಟ್ ಬೇಕೇ ಬೇಕು. ಆದರೆ ಶಿಫ್ಟ್ ಮುಗಿಯುವಾಗ ಆಪರೇಟರ್ ನೆನಪಿನ ಮೇಲೆ 10, 15, 30 ಅಂತ ನಿಮಿಷ ತುಂಬಿ, ಕಾರಣದ ಜಾಗದಲ್ಲಿ "ಇತರೆ" ಅಂತ ಬರೆಯುವ ಕಡೆ ಅವರಿಗೆ ಮಾಡಲು ಕೆಲಸವಿರುವುದಿಲ್ಲ.

ಒಂದು ಘಟಕದಲ್ಲಿ ಎಂ.ಟೆಕ್ ಮಾಡಿದ ಜಾಣ ಹುಡುಗ ಡ್ಯಾಶ್‌ಬೋರ್ಡ್ ಮಾಡಿದ್ದ. ಏಳನೇ ನಂಬರ್ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮೆಷಿನ್) ದಿನಾ ಮಧ್ಯಾಹ್ನ ಎರಡು ಗಂಟೆಯ ನಂತರ ಅರ್ಧ ಗಂಟೆ ನಿಲ್ಲುತ್ತಿತ್ತು. ಪರದೆಯ ಮೇಲೆ ಅದು ಕೆಂಪಾಗಿ ಕಾಣುತ್ತಿತ್ತು, ಕೆಳಗೆ "ಆಪರೇಟರ್ ಐಡಲ್" ಅಂತಿತ್ತು. ಮೇಲಿನ ಮಹಡಿಯ ಎಸಿ ರೂಮಿನಲ್ಲಿ ಕೂರಿಸಿದ್ದರಿಂದ ಅವನಿಗೆ ಕಂಡದ್ದು ಅಷ್ಟೇ. ಅವನು ಬಿಟ್ಟು ಹೋದ ಮೇಲೆ ಜಾಹೀರಾತು ನಿಲ್ಲಿಸಿ ಅಂದೆ. ಅಲ್ಲೇ ಒಂಬತ್ತು ವರ್ಷದಿಂದ ಇನ್‌ಸ್ಪೆಕ್ಟರ್ ಆಗಿದ್ದ ಡಿಪ್ಲೊಮಾ ಓದಿದ ಹೆಣ್ಣುಮಗಳೊಬ್ಬಳು ತನ್ನ ಅನುಕೂಲಕ್ಕೆ ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟುಕೊಂಡಿದ್ದನ್ನು ನೋಡಿದ್ದೆ. ಆಕೆಯನ್ನು ಆ ಪರದೆಯ ಮುಂದೆ ನಿಲ್ಲಿಸಿದೆವು. "ಸರ್, ಅವ್ನು ಸುಮ್ನೆ ಕೂತಿಲ್ಲ. ಶಿಫ್ಟ್ ಚೇಂಜ್ ಆದ್ಮೇಲೆ ಫಸ್ಟ್ ಪೀಸ್ ಅಳೆದು ಅಪ್ರೂವಲ್ ಆಗ್ಬೇಕಲ್ವಾ? ತೂತಿನ ಅಳತೆ ನೋಡೋ ಆ ಸೈಜಿನ ಬೋರ್ ಗೇಜ್ ಇರೋದೇ ಒಂದು. ನಾಲ್ಕನೇ ಮೆಷಿನ್‌ದು ಮುಗಿದ್ಮೇಲೆ ಇಲ್ಲಿಗೆ ಬರುತ್ತೆ," ಅಂದಳು.

ಪವರ್ ಬಿಐ ಆಕೆಗೆ ಆರು ವಾರದಲ್ಲಿ ಬಂತು. ಎಸ್‌ಕ್ಯೂಎಲ್ ಕಷ್ಟವಾಯಿತು, ಅದಕ್ಕೆ ಹೊರಗಿನಿಂದ ತಿಂಗಳಿಗೆ ಎರಡು ದಿನ ಬರುವ ಒಬ್ಬರನ್ನು ಗೊತ್ತು ಮಾಡಿದೆವು. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಸಂಸ್ಥೆಗಳಲ್ಲಿ ಗೇಜ್ ಹಿಡಿದು ಕಲಿತು ಬಂದ ಇಂಥವರು ಬಹುತೇಕ ಘಟಕಗಳಲ್ಲಿ ಒಬ್ಬರಾದರೂ ಇರುತ್ತಾರೆ. ಕಷ್ಟ ಬರುವುದು ಸಂಬಳದ ವಿಷಯದಲ್ಲಿ. ಹೊರಗಿನವನಿಗೆ ಅಂತ ಎತ್ತಿಟ್ಟ ಹಣ ಒಳಗಿನವಳಿಗೆ ಕೊಡಲು ಮಾಲೀಕರಿಗೆ ಮನಸ್ಸು ಬರುವುದಿಲ್ಲ. ಇವರೂ ಎರಡು ವಾರ ಯೋಚಿಸಿದರು. ಆಮೇಲೆ ಅಷ್ಟನ್ನೇ ಕೊಟ್ಟರು, ಹುದ್ದೆಯ ಹೆಸರೂ ಬದಲಾಯಿತು. ಆಕೆ ಕೇಳಿದ ಎರಡನೇ ಬೋರ್ ಗೇಜೂ ಅದೇ ತಿಂಗಳು ಬಂತು.