ಗುಜರಿ ಫ್ರಿಡ್ಜಿನ ಬಾಗಿಲು, ಅಡುಗೆಮನೆಯ ಪುಷ್ಪಕ್

ದಾವಣಗೆರೆಯ ಒಂದು ಗುಜರಿ ಅಂಗಡಿಯಲ್ಲಿ ಹಳೇ ಫ್ರಿಡ್ಜಿನ ಬಾಗಿಲು ಮಗುಚಿ ಹಾಕಿಕೊಂಡು, ಒಳಗಿನ ಬಿಳಿ ಪ್ಲಾಸ್ಟಿಕ್ಕನ್ನು ಉಗುರಿಂದ ಒತ್ತಿ ಒತ್ತಿ ನೋಡುತ್ತಾ ಕೂತಿದ್ದೆ. ಅಂಗಡಿಯವರು ಎರಡು ಸಲ ಸುಮ್ಮನೆ ನೋಡಿದರು. ಮೂರನೇ ಸಲ ಕೇಳಿಯೇ ಬಿಟ್ಟರು, "ಏನ್ ಸಾರ್, ಕಂಪ್ರೆಸರ್ ಹುಡುಕ್ತಿದ್ದೀರಾ?" ಇಲ್ಲ, ಬಾಗಿಲಿನ ಒಳಗಿನ ಹಾಳೆ ಬೇಕು ಅಂದೆ. ಏನಕ್ಕೆ ಅಂದರು. ವಿಮಾನದ ಥರ ಇಳಿಯುವ ರಾಕೆಟ್ ಮಾಡೋಕೆ ಅಂದೆ. ಆಮೇಲೆ ಅವರು ರೇಟೂ ಹೇಳಲಿಲ್ಲ, ತಗೊಂಡು ಹೋಗಿ ಅಂತ ಕೈ ಸನ್ನೆ ಮಾಡಿದರು.

ನಾನು ಸುಳ್ಳು ಹೇಳಿರಲಿಲ್ಲ. ಇಸ್ರೋದ ಪುಷ್ಪಕ್ ಇದೆಯಲ್ಲ, ರೆಕ್ಕೆ ಇರುವ ಮರುಬಳಕೆಯ ವಾಹನ, ಅದರ ಮಾದರಿಯನ್ನು ಬರೀ ಪ್ಲಾಸ್ಟಿಕ್ ಹಾಳೆಯಿಂದ ಕಟ್ಟುತ್ತಿದ್ದೆ. ಪೆಟ್ಟಿಗೆಯಲ್ಲಿ ರೆಡಿ ಭಾಗಗಳು ಬರುವ ಕಿಟ್ ಅಲ್ಲ. ಹಾಳೆ, ಬ್ಲೇಡು, ಸ್ಕೇಲು, ಥಿನ್ನರ್ ಅಷ್ಟೇ. ಈ ಹವ್ಯಾಸಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಅನ್ನುತ್ತಾರೆ. ಇಷ್ಟೊಂದು ಆಕಾಶನೌಕೆಗಳಿರುವಾಗ ಪುಷ್ಪಕ್ಕೇ ಯಾಕೆ ಅಂದರೆ, ಅದು ಇಳಿದದ್ದು ನಮ್ಮ ಪಕ್ಕದಲ್ಲೇ. 2023ರ ಏಪ್ರಿಲ್ 2ರ ಬೆಳಗ್ಗೆ ಚಿನೂಕ್ ಹೆಲಿಕಾಪ್ಟರ್ ಅದನ್ನು ಹೊಟ್ಟೆಯ ಕೆಳಗೆ ನೇತುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಪುಷ್ಪಕ್ ಯಾರ ಸಹಾಯವೂ ಇಲ್ಲದೆ ತೇಲಿಕೊಂಡು ಬಂದು ಚಳ್ಳಕೆರೆ ತಾಲ್ಲೂಕಿನ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ ಇಳಿಯಿತು. ಅದು ಚಿತ್ರದುರ್ಗ ಜಿಲ್ಲೆ, ನಮ್ಮದು ದಾವಣಗೆರೆ, ನಿಜ. ಆದರೆ 1997ರವರೆಗೆ ನಾವೂ ಅದೇ ಜಿಲ್ಲೆಯವರು, ಹಾಗಾಗಿ ಅರ್ಧ ಹಕ್ಕು ನಮಗೂ ಇದೆ.

ಈಗ ಆ ಫ್ರಿಡ್ಜಿನ ಹಾಳೆಯ ವಿಷಯಕ್ಕೆ ಬರೋಣ. ಬಹಳಷ್ಟು ಫ್ರಿಡ್ಜುಗಳ ಒಳಮೈ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನದು. ಮಾದರಿ ಕಟ್ಟುವವರು ದುಡ್ಡು ಕೊಟ್ಟು ತರಿಸುವ ಹಾಳೆಯೂ ಅದೇ. ಬಿಳಿ ಪ್ಲಾಸ್ಟಿಕ್ ಚಮಚ, ಸಿಡಿ ಬರುತ್ತಿದ್ದ ಗಟ್ಟಿ ಡಬ್ಬಿ, ಕೆಲವು ಐಸ್‌ಕ್ರೀಮ್ ಕಪ್ಪು ಕೂಡ ಅದೇ. ತಳದಲ್ಲಿ ತ್ರಿಕೋನದೊಳಗೆ 6 ಅಂತ ಬರೆದಿದ್ದರೆ ಎತ್ತಿಟ್ಟುಕೊಳ್ಳಿ. ಇನ್ನು ಥರ್ಮೋಕೋಲ್. ಅದೂ ಪಾಲಿಸ್ಟೈರೀನೇ ಅಂದರೆ ನಂಬಿಕೆ ಬರಲ್ಲ, ಅಲ್ವಾ? ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ: ಹಾಳೆ ಅಕ್ಕಿ, ಥರ್ಮೋಕೋಲ್ ಮಂಡಕ್ಕಿ. ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಬಿದ್ದಾಗ ಕಾಳಿನೊಳಗಿನ ನೀರು ಆವಿಯಾಗಿ ಹಿಗ್ಗಿ ಕಾಳನ್ನು ಉಬ್ಬಿಸುತ್ತದೆ. ಥರ್ಮೋಕೋಲ್ ಕಾರ್ಖಾನೆಯಲ್ಲಿ ಪಾಲಿಸ್ಟೈರೀನ್ ಮಣಿಯೊಳಗೆ ನೀರಿನ ಬದಲು ಪೆಂಟೇನ್ ಎಂಬ ಬೇಗ ಆವಿಯಾಗುವ ದ್ರವ ಇರುತ್ತದೆ. ಹಬೆ ತಾಗಿದರೆ ಮಣಿ ಮೆತ್ತಗಾಗಿ, ಪೆಂಟೇನ್ ಹಿಗ್ಗಿ, ಮಣಿ ಹತ್ತಾರು ಪಟ್ಟು ಊದಿಕೊಳ್ಳುತ್ತದೆ. ಒಂದು ಘನ ಮೀಟರ್ ಗಟ್ಟಿ ಪಾಲಿಸ್ಟೈರೀನ್ ಸುಮಾರು 1,050 ಕಿಲೋ ತೂಗಿದರೆ, ಅಷ್ಟೇ ಗಾತ್ರದ ಥರ್ಮೋಕೋಲ್ ಸಾಮಾನ್ಯವಾಗಿ 15ರಿಂದ 30 ಕಿಲೋ. ಮಿಕ್ಕಿದ್ದೆಲ್ಲ ಗಾಳಿ. ಮೂಟೆ ಮಂಡಕ್ಕಿಯನ್ನು ಒಬ್ಬನೇ ಸೈಕಲ್ ಮೇಲೆ ಹೊತ್ತೊಯ್ಯುವುದು ಇದೇ ಕಾರಣಕ್ಕೆ.

ಮೊದಲ ಪಾಠ, ಕತ್ತರಿಸುವುದು. ಹೊಸಬರು ಬ್ಲೇಡಿಂದ ಹಾಳೆಯನ್ನು ಆಚೆ ತುದಿವರೆಗೆ ಸೀಳಲು ಹೋಗಿ ಬೆರಳು ಕುಯ್ದುಕೊಳ್ಳುತ್ತಾರೆ. (ನನ್ನ ಎಡಗೈ ತೋರುಬೆರಳಿನಲ್ಲಿ ಇನ್ನೂ ಗುರುತಿದೆ.) ಸೀಳುವ ಅಗತ್ಯವೇ ಇಲ್ಲ. ಸ್ಟೀಲ್ ಸ್ಕೇಲು ಇಟ್ಟು ಮೆಲ್ಲಗೆ ಎರಡು ಮೂರು ಸಲ ಗೀರಿ, ಗೀರು ಬಾಯಿ ಬಿಡುವ ಹಾಗೆ ಬಗ್ಗಿಸಿದರೆ ಹಾಳೆ ಟಕ್ಕಂತ ನೇರವಾಗಿ ಮುರಿಯುತ್ತದೆ. ಮಿಲಿಮೀಟರಿನ ಕಾಲು ಭಾಗವೂ ಆಳವಿಲ್ಲದ ಗೀರು ಇಡೀ ಹಾಳೆಯನ್ನು ಹೇಗೆ ಮುರಿಯುತ್ತದೆ? ಇದಕ್ಕೆ ಸರಿಯಾದ ಲೆಕ್ಕ ಕೊಟ್ಟವರು ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್, 1920ರ ಸುಮಾರಿಗೆ, ಅದೂ ವಿಮಾನಗಳ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ. ಬಗ್ಗಿಸಿದಾಗ ಹುಟ್ಟುವ ಎಳೆತ ಹಾಳೆಯ ತುಂಬ ಹಂಚಿಕೊಳ್ಳುವುದಿಲ್ಲ, ಬಿರುಕಿನ ಚೂಪು ತುದಿಗೆ ಬಂದು ಗುಂಪು ಕಟ್ಟುತ್ತದೆ. ಬಿರುಕು ಒಂದು ಹೆಜ್ಜೆ ಮುಂದೆ ಹೋದರೆ ಎಳೆತದಲ್ಲಿ ಕೂತಿದ್ದ ಶಕ್ತಿ ಬಿಡುಗಡೆಯಾಗುತ್ತದೆ. ಆ ಶಕ್ತಿ ಮುಂದಿನ ಹೆಜ್ಜೆಗೆ ಸಾಕಾದರೆ ಬಿರುಕು ತಾನಾಗೇ ಓಡುತ್ತದೆ. ಬಂಡೆ ಮೇಲೆ ಸಾಲಾಗಿ ತೂತು ಕೊರೆದು ಬೆಣೆ ಬಡಿಯುವ ಕಲ್ಲು ಒಡೆಯುವವರಿಗೆ ಈ ವಿದ್ಯೆ ಗ್ರಿಫಿತ್‌ಗಿಂತ ಬಹಳ ಹಿಂದೆಯೇ ಗೊತ್ತಿತ್ತು, ಲೆಕ್ಕ ಬರೆದಿಡಲಿಲ್ಲ ಅಷ್ಟೇ.

ಸಿಡಿ ಡಬ್ಬಿ ಚೂರುಚೂರಾಗುತ್ತದೆ, ಫ್ರಿಡ್ಜಿನ ಹಾಳೆ ಹಾಗಾಗುವುದಿಲ್ಲ. ಯಾಕೆಂದರೆ ಹಾಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಬ್ಬರ್ ಹನಿಗಳನ್ನು ಬೆರೆಸಿರುತ್ತಾರೆ. ಹೆಚ್ಚಾಗಿ ಬಗ್ಗಿಸಿದರೆ ರಬ್ಬರ್ ಸುತ್ತ ಸಾವಿರಾರು ಪುಟ್ಟ ಬಾಯಿಗಳು ಬಿಟ್ಟು ಎಳೆತವನ್ನು ಹಂಚಿಕೊಳ್ಳುತ್ತವೆ. ಬಗ್ಗಿಸಿದ ಜಾಗ ಇನ್ನಷ್ಟು ಬೆಳ್ಳಗಾಗುವುದು ಆ ಬಾಯಿಗಳಲ್ಲಿ ಬೆಳಕು ಚದುರುವುದರಿಂದ. ನಾನು ಗುಜರಿ ಅಂಗಡಿಯಲ್ಲಿ ಉಗುರಿಂದ ಒತ್ತಿ ನೋಡುತ್ತಿದ್ದದ್ದು ಇದನ್ನೇ.

ಕತ್ತರಿಸಿದ ಮೇಲೆ ಅಂಟಿಸಬೇಕು. ಇಲ್ಲಿ ಅಂಟು ಅನ್ನುವ ಮಾತೇ ತಪ್ಪು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಎನ್‌ಸಿ ಥಿನ್ನರನ್ನು ಸಣ್ಣ ಬ್ರಶ್ಶಿನ ತುದಿಯಲ್ಲಿ ತೆಗೆದುಕೊಂಡು, ಜೋಡಿಸಿ ಹಿಡಿದ ಎರಡು ಹಾಳೆಗಳ ಸಂದಿಗೆ ಮುಟ್ಟಿಸಿದರೆ ಸಾಕು. ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಸಂದಿ ಅದನ್ನು ಸರ್ರಂತ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಅಂದರೆ ಉದ್ದುದ್ದ ಅಣುಸರಪಳಿಗಳ ಗೋಜಲು, ಶಾವಿಗೆ ಮುದ್ದೆಯ ಹಾಗೆ. ಥಿನ್ನರ್ ತಾಗಿದ ಕಡೆ ಎಳೆಗಳು ಸಡಿಲವಾಗಿ, ಈ ಹಾಳೆಯ ಎಳೆ ಆ ಹಾಳೆಗೆ ನುಸುಳಿ ಹೆಣೆದುಕೊಳ್ಳುತ್ತವೆ. ಥಿನ್ನರ್ ಆರಿಹೋದ ಮೇಲೆ ಮಧ್ಯದಲ್ಲಿ ಅಂಟಿನ ಪದರ ಅಂತ ಏನೂ ಉಳಿಯುವುದಿಲ್ಲ, ಎರಡು ಹಾಳೆ ಒಂದಾಗಿರುತ್ತವೆ. ಪ್ಲಂಬರುಗಳು ಪೈಪಿಗೆ ಹಚ್ಚುವ ಸಲ್ಯೂಷನ್ ಮಾಡುವುದೂ ಇದೇ ಕೆಲಸ, ಪ್ಲಾಸ್ಟಿಕ್ ಮಾತ್ರ ಬೇರೆ. ಕಿತ್ತಳೆ ಸಿಪ್ಪೆ ಹಿಂಡಿದರೆ ಚಿಮ್ಮುವ ಎಣ್ಣೆಯಲ್ಲಿರುವ ಲಿಮೋನೀನ್‌ಗೂ ಪಾಲಿಸ್ಟೈರೀನ್ ಕರಗಿಸುವ ಗುಣ ಇದೆ. ಥರ್ಮೋಕೋಲ್ ತುಂಡಿನ ಮೇಲೆ ಹಿಂಡಿ ನೋಡಿ, ಗುಳಿ ಬೀಳುತ್ತದೆ. ಥಿನ್ನರ್ ಕೆಲಸ ಮಾತ್ರ ಕಿಟಕಿ ತೆಗೆದು, ಒಲೆಯಿಂದ ದೂರ ಕೂತು ಮಾಡಬೇಕು. ಅದರ ಆವಿ ತಲೆಗೂ ಹತ್ತುತ್ತದೆ, ಬೆಂಕಿಗೂ ಹತ್ತುತ್ತದೆ.

ಆದರೆ ಇದೇ ಥಿನ್ನರ್ ನನಗೆ ಮಾಡಿದ ಮೋಸ ಇದೆಯಲ್ಲ! ಮೊದಲ ರೆಕ್ಕೆ ದಪ್ಪ ಬರಲಿ ಅಂತ ಮೂರು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಧಾರಾಳವಾಗಿ ಥಿನ್ನರ್ ಬಳಿದು ಒತ್ತಿದೆ. ಸೊಗಸಾಗಿ ಕೂತಿತು. ಪುಟ್ಟಿ ಹಾಕಿ, ವಾಟರ್ ಪೇಪರ್ ಉಜ್ಜಿ, ಪ್ರೈಮರ್ ಕೂಡ ಹೊಡೆದೆ. ಒಂದು ವಾರ ಬಿಟ್ಟು ನೋಡಿದರೆ ರೆಕ್ಕೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿದೆ. ಅಂಚಿನಲ್ಲಿದ್ದ ಥಿನ್ನರ್ ಬೇಗ ಆರಿತ್ತು. ನಡುವೆ ಸಿಕ್ಕಿಕೊಂಡದ್ದಕ್ಕೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಅದು ದಿನಗಟ್ಟಲೆ ಒಳಗೇ ಕೂತು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ, ಒಂದೊಂದು ಕಡೆ ಒಂದೊಂದು ವೇಗದಲ್ಲಿ ಆರುತ್ತಾ ರೆಕ್ಕೆಯನ್ನು ತಿರುಚಿಬಿಟ್ಟಿತ್ತು. ಎರಡನೇ ರೆಕ್ಕೆಯನ್ನು ಟೊಳ್ಳಾಗಿಯೇ ಮಾಡಿದೆ, ಒಳಗೆ ಅಡ್ಡಪಟ್ಟಿ, ಮೇಲೆ ಕೆಳಗೆ ಅರ್ಧ ಮಿಲಿಮೀಟರಿನ ತೊಗಲು, ಕಾಣದ ಕಡೆ ಗಾಳಿಗೊಂದು ತೂತು. ಮಾಡಿ ಮುಗಿಸಿದ ಮೇಲೆ ಹೊಳೆಯಿತು, ನಿಜವಾದ ವಿಮಾನದ ರೆಕ್ಕೆಯನ್ನೂ ಹೀಗೇ ಕಟ್ಟುತ್ತಾರೆ. ಅವರದು ತೂಕ ಇಳಿಸಲು, ನನ್ನದು ಥಿನ್ನರ್ ಕಾಟಕ್ಕೆ.

ಚಕ್ರಕ್ಕೆ ನೀರಿನ ಬಾಟಲಿ ಮುಚ್ಚಳದಿಂದ ಬಿಲ್ಲೆ ಕತ್ತರಿಸಿದೆ. ಥಿನ್ನರ್‌ಗೆ ಅದು ಕ್ಯಾರೇ ಅನ್ನಲಿಲ್ಲ. ಫೆವಿಕ್ವಿಕ್ ಹಾಕಿದರೆ ಮಾರನೇ ದಿನ ಉದುರಿತು. ಮುಚ್ಚಳದ ಪಾಲಿಎಥಿಲೀನಿನಲ್ಲಿ ಸರಪಳಿಗಳು ಗೋಜಲಾಗಿರುವುದಕ್ಕಿಂತ ಒತ್ತೊತ್ತಾಗಿ ಮಡಿಚಿ ಕೂತಿರುವುದು ಜಾಸ್ತಿ, ಥಿನ್ನರ್ ಒಳಗೆ ನುಗ್ಗಲಾರದು, ಅಂಟೂ ಅದರ ಮೈಮೇಲೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಕೊನೆಗೆ ಅಂಗಿಯ ಗುಂಡಿಗಳೇ ಚಕ್ರವಾದವು.

ನನ್ನ ತಲೆಯನ್ನು ಅತಿ ಹೆಚ್ಚು ತಿಂದದ್ದು ಪುಷ್ಪಕ್‌ನ ಮೂಗು. ಹಾಳೆಯನ್ನು ಸುತ್ತಿದರೆ ಕೊಳವೆ ಬರುತ್ತದೆ, ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿದರೆ ಶಂಕು ಬರುತ್ತದೆ. ಚೆಂಡಿನ ಆಕಾರ ಮಾತ್ರ ಏನು ಮಾಡಿದರೂ ಬರಲ್ಲ, ನೆರಿಗೆ ಬೀಳುತ್ತದೆ ಇಲ್ಲವೇ ಹರಿಯುತ್ತದೆ. ಇದು ನಮ್ಮ ಕೈಚಳಕದ ಕೊರತೆ ಅಲ್ಲ. ಸಪಾಟು ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಎರಡು ದಿಕ್ಕಿನಲ್ಲಿ ಏಕಕಾಲಕ್ಕೆ ಬಾಗಿಸಲು ಸಾಧ್ಯವೇ ಇಲ್ಲ ಅಂತ ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ಗಣಿತದಿಂದ ತೋರಿಸಿಕೊಟ್ಟ. ಭೂಮಿಯ ನಕ್ಷೆಯನ್ನು ಕಾಗದದ ಮೇಲೆ ಸೊಟ್ಟ ಇಲ್ಲದೆ ಬರೆಯಲಾಗದ್ದೂ ಇದರಿಂದಲೇ. ಪುಷ್ಪಕ್‌ನ ಮೂಗು ಮೊಂಡಾಗಿ, ಎಲ್ಲ ಕಡೆಗೂ ಬಾಗಿದೆ. ಹಾಗಾದರೆ ಹಾಳೆಯನ್ನು ಹಿಗ್ಗಿಸಲೇಬೇಕು.

ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯಲ್ಲಿ ಬಿರುಸು ಬಿಡಲು ಶುರುಮಾಡುತ್ತದೆ. ಮರದ ತುಂಡೊಂದನ್ನು ಮೂಗಿನ ಆಕಾರಕ್ಕೆ ಉಜ್ಜಿ, ಹಾಳೆಯನ್ನು ಚೌಕಟ್ಟಿಗೆ ಕ್ಲಿಪ್ ಹಾಕಿ, ಅಮ್ಮ ದೇವಸ್ಥಾನಕ್ಕೆ ಹೋದ ಸಮಯ ನೋಡಿ ಒಲೆಯ ಮೇಲೆ ಕಾದ ಕಾವಲಿಗಿಂತ ಒಂದು ಗೇಣು ಎತ್ತರದಲ್ಲಿ ಹಿಡಿದೆ. ಹಾಳೆ ಮೊದಲು ಅಲೆಅಲೆಯಾಗಿ ಮುದುಡುತ್ತದೆ. ಹೆದರಬಾರದು. ಆಮೇಲೆ ತಾನೇ ಬಿಗಿಯಾಗಿ ಸಪಾಟಾಗುತ್ತದೆ, ಅದಾದ ಮೇಲೆ ನಡುವೆ ಮೆಲ್ಲಗೆ ಜೋತು ಬೀಳುತ್ತದೆ. ಆ ಕ್ಷಣ ಮರದ ಅಚ್ಚಿನ ಮೇಲೆ ಎಳೆದು ಒತ್ತಬೇಕು, ನಾಲ್ಕೈದು ಸೆಕೆಂಡಿನಲ್ಲಿ ಗಟ್ಟಿ. ಅಚ್ಚಿಗೆ ಮೊದಲು ತಾಗಿದ ತುದಿ ತಣ್ಣಗಾಗಿ ದಪ್ಪವೇ ಉಳಿಯುತ್ತದೆ, ಎಳೆಸಿಕೊಂಡ ಪಕ್ಕಗಳು ತೆಳ್ಳಗಾಗುತ್ತವೆ. ಮೂರು ಮೂಗು ಕೆಟ್ಟವು. ಕೆಟ್ಟ ಮೂಗನ್ನು ಮತ್ತೆ ಕಾಯಿಸಿದರೆ ಒಂದು ಚಮತ್ಕಾರ ಕಾಣುತ್ತದೆ, ಅದು ಬಹುಮಟ್ಟಿಗೆ ಮತ್ತೆ ಹಾಳೆಯಾಗುತ್ತದೆ! ಎಳೆದಾಗ ನೆಟ್ಟಗಾದ ಸರಪಳಿಗಳು ತಣ್ಣಗಾಗಿ ಹಾಗೇ ಸಿಕ್ಕಿಬಿದ್ದಿರುತ್ತವೆ. ಬಿಸಿ ಸಿಕ್ಕ ಕೂಡಲೇ ಹಳೇ ಗೋಜಲಿಗೆ ವಾಪಸ್ ಹೋಗುತ್ತವೆ. ಪ್ಲಾಸ್ಟಿಕ್ಕಿನ ನೆನಪು ಅನ್ನುತ್ತಾರೆ ಇದಕ್ಕೆ. ವಾಸನೆಗೂ ಅಷ್ಟೇ ನೆನಪು ಇರುತ್ತದೆ, ಅಮ್ಮ ಬಂದ ತಕ್ಷಣ ಕಂಡುಹಿಡಿದರು.

ಅಳತೆಯ ಆಟ ಇನ್ನೊಂದು ಥರ. 2016ರಲ್ಲಿ ಶ್ರೀಹರಿಕೋಟಾದಿಂದ ಹಾರಿದ ಇದೇ ಥರದ ರೆಕ್ಕೆಯ ವಾಹನದ ಉದ್ದ ಆರೂವರೆ ಮೀಟರ್, ತೂಕ 1.75 ಟನ್. ನಾನು ಆರಿಸಿದ್ದು 24ರಲ್ಲಿ ಒಂದು ಪಾಲು, ಅಂದರೆ 27 ಸೆಂಟಿಮೀಟರ್. ಒಳ್ಳೆಯ ಕಣ್ಣು 30 ಸೆಂಟಿಮೀಟರ್ ದೂರದಿಂದ ಬೇರ್ಪಡಿಸಿ ನೋಡಬಲ್ಲದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು. 24ರಿಂದ ಗುಣಿಸಿದರೆ ಎರಡು ಮಿಲಿಮೀಟರ್ ಚಿಲ್ಲರೆ. ನಿಜದ ಪುಷ್ಪಕ್ ಮೇಲೆ ಅದಕ್ಕಿಂತ ಸಣ್ಣದಾದ ಯಾವುದನ್ನೂ ನಾನು ತೋರಿಸಬೇಕಿಲ್ಲ, ದೊಡ್ಡ ಸಮಾಧಾನ. ಆದರೆ ನಾನು 0.5 ಪೆನ್ಸಿಲಿನಲ್ಲಿ ಎಳೆಯುವ ಒಂದು ಗೆರೆ ನಿಜದಲ್ಲಿ 12 ಮಿಲಿಮೀಟರಿನ ಬಿರುಕಾಗುತ್ತದೆ, ಬೆರಳು ತೂರುವಷ್ಟು! ಬಹಳ ಮಾದರಿಗಳು ಆಟಿಕೆಯ ಹಾಗೆ ಕಾಣುವುದು ಇಲ್ಲೇ, ಗೆರೆಗಳೆಲ್ಲ ಕಾಲುವೆಗಳಾಗಿರುತ್ತವೆ. ಹೊಟ್ಟೆಯ ಕಪ್ಪು ಬಣ್ಣಕ್ಕೂ ನಾನು ಒಂದು ಚೂರು ಬಿಳಿ ಬೆರೆಸಿದೆ. ನಡುವೆ ಗಾಳಿ ಇರುವುದರಿಂದ ದೂರದ ದೊಡ್ಡ ವಸ್ತು ಸ್ವಲ್ಪ ಮಾಸಿದ ಹಾಗೆ ಕಾಣುತ್ತದೆ. ಕೈಯಲ್ಲಿರುವ ಮಾದರಿಗೆ ಆ ಗಾಳಿಯನ್ನೂ ನಾವೇ ಬಳಿಯಬೇಕು.

ತೂಕದ ಲೆಕ್ಕ ಕೇಳಿದರೆ ನಗು ಬರುತ್ತದೆ. ಉದ್ದ 24ರಲ್ಲಿ ಒಂದಾದರೆ ಗಾತ್ರ 24×24×24, ಅಂದರೆ 13,824ರಲ್ಲಿ ಒಂದು. 1.75 ಟನ್ನನ್ನು ಅದರಿಂದ ಭಾಗಿಸಿದರೆ 127 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನನ್ನದನ್ನು ಇಟ್ಟರೆ 96 ತೋರಿಸಿತು. ಮೂಗಿನೊಳಗೆ ನಾಲ್ಕು ನಟ್ಟು ತುಂಬಿ 127ಕ್ಕೆ ತಂದೆ. ಯಾರಿಗೂ ಬೇಡದ ನಿಖರತೆ, ಗೊತ್ತು. ಹೀಗೆ ತೂಕ ಮೂರು ದಿಕ್ಕಿನಲ್ಲಿ ಇಳಿದರೂ, ಗಟ್ಟಿತನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಸೇರಿದ್ದರಿಂದ ಎರಡೇ ದಿಕ್ಕಿನಲ್ಲಿ ಇಳಿಯುತ್ತದೆ. ಹಾಗಾಗಿ ಸಣ್ಣದು ತನ್ನ ತೂಕಕ್ಕೆ ಹೋಲಿಸಿದರೆ ಬಲು ಗಟ್ಟಿ. ನನ್ನ ಪುಷ್ಪಕ್ ಮೇಜಿನಿಂದ ಎರಡು ಸಲ ಬಿದ್ದಿದೆ, ಒಂದು ಬಾಲ ಅಲುಗಾಡಿದ್ದು ಬಿಟ್ಟರೆ ಏನೂ ಆಗಿಲ್ಲ. ಅಂದಹಾಗೆ, ಚಳ್ಳಕೆರೆಯಲ್ಲಿ ಇಳಿದದ್ದು ಕೂಡ ಒಂದು ಮಾದರಿಯೇ. ಕಕ್ಷೆಗೆ ಹೋಗಬೇಕಾದ ಮುಂದಿನ ವಾಹನ ಅದಕ್ಕಿಂತ ಸುಮಾರು 1.6 ಪಟ್ಟು ದೊಡ್ಡದು.

ಮೊನ್ನೆ ಅಣ್ಣನ ಮಗಳು ಬಂದಿದ್ದಳು. ಇಂಜಿನ್ ಎಲ್ಲಿ ಅಂತ ಮೊದಲ ಪ್ರಶ್ನೆ. ಇಳಿಯುವ ಪರೀಕ್ಷೆಗೆ ಇಂಜಿನ್ ಬೇಕಿರಲಿಲ್ಲ, ಹದ್ದಿನ ಹಾಗೆ ತೇಲಿಕೊಂಡು ಬಂತು ಅಂದೆ. ಇಳಿಸಿ ತೋರಿಸು ಅಂದಳು. ದಿಂಬಿನ ಮೇಲೆ ಹತ್ತು ಸೆಂಟಿಮೀಟರ್ ಎತ್ತರದಿಂದ ಬಿಟ್ಟು ಫೋನಿನಲ್ಲಿ ವಿಡಿಯೋ ಮಾಡಿದರೆ ಆಟಿಕೆ ಬಿದ್ದ ಹಾಗೇ ಕಂಡಿತು, ಟಪ್ ಅಂತ. ಗುರುತ್ವ ಮಾತ್ರ ಸ್ಕೇಲಿಗೆ ಇಳಿಯುವುದಿಲ್ಲ ನೋಡಿ. ಹತ್ತು ಸೆಂಟಿಮೀಟರ್ ಬೀಳಲು 0.14 ಸೆಕೆಂಡ್ ಸಾಕು, ಅದನ್ನೇ ನಿಜದ ಅಳತೆಗೆ ತಂದರೆ 2.4 ಮೀಟರ್, ಅಷ್ಟು ಬೀಳಲು 0.7 ಸೆಕೆಂಡ್ ಬೇಕು. ಸುಮಾರು ಐದು ಪಟ್ಟು, 24ರ ವರ್ಗಮೂಲ. ಸೆಕೆಂಡಿಗೆ 24 ಚಿತ್ರ ಓಡಿಸುವ ಸಿನಿಮಾದಲ್ಲಿ ಇದನ್ನು ಸರಿಮಾಡಬೇಕಾದರೆ 118 ಚಿತ್ರ ಹಿಡಿಯಬೇಕು. ಈಗಿನ ಫೋನುಗಳ ಸ್ಲೋ ಮೋಷನ್ 120, ನಮಗಾಗಿಯೇ ಇಟ್ಟ ಹಾಗಿದೆ. ಹಾಗೇ ಹಿಡಿದು, ಐದು ಪಟ್ಟು ನಿಧಾನ ಮಾಡಿ ಹಾಕಿದೆ. ಪುಷ್ಪಕ್ ಭಾರವಾಗಿ, ತೂಗಿಕೊಂಡು ಇಳಿಯಿತು, ಗುಂಡಿ ಚಕ್ರ ದಿಂಬಿನಲ್ಲಿ ಹೂತುಕೊಂಡವು. ಅವಳು ಮೂರು ಸಲ ನೋಡಿ, "ಚಿಕ್ಕಪ್ಪ, ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಳ್ಳಲೇ ಇಲ್ವಲ್ಲ" ಅಂದಳು. ಹೌದು, ನಿಜದ್ದು ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿಯೇ ನೂರರ ಹತ್ತಿರಕ್ಕೆ ಇಳಿದದ್ದು. ಬಣ್ಣ ಹೊಡೆದು ಮುಗಿದ ಬಾಲದಲ್ಲಿ ಈಗ ಬಾಗಿಲು ಕೊರೆಯಬೇಕು. ಹರಿದ ಛತ್ರಿಯೊಂದರ ಬಟ್ಟೆ ಎತ್ತಿಟ್ಟಿದ್ದೇನೆ, ಆದರೆ ಅದರ ನೇಯ್ಗೆ 24ರ ಲೆಕ್ಕಕ್ಕೆ ಗೋಣಿಚೀಲದ ಹಾಗೆ ಕಾಣುತ್ತದೋ ಏನೋ.